ಬೀದಿ ಕೊಡುತ್ತಿದ್ದುದನ್ನು ಮನೆ ಕೊಡಬೇಕು

ಕಲ್ಯಾಣ ನಗರದಲ್ಲಿ ಬೆಕ್ಕಿನ ಮರಿ ಸಾಕಲು ಹೊರಟವರಿಗೆ ಎರಡು ದಿಕ್ಕಿನಿಂದ ಬುದ್ಧಿಮಾತು ಬರುತ್ತದೆ. ಮರಿಗಳನ್ನು ಬೀದಿಯಿಂದ ಎತ್ತಿ ತಂದು ದತ್ತು ಕೊಡುವ ಪ್ರಾಣಿಪ್ರಿಯರು, ಮೊದಲು ಬಾಲ್ಕನಿಗೆ ಬಲೆ ಹಾಕಿಸಿ, ಹೊರಗೆ ಬಿಡುವುದಿಲ್ಲವೆಂದು ಮಾತು ಕೊಡಿ, ಆಮೇಲೆ ಮರಿ ಎನ್ನುತ್ತಾರೆ. ಹಾಸನದಿಂದಲೋ ಶಿರಸಿಯಿಂದಲೋ ಮಗನ ಮನೆಗೆ ಬಂದ ಅಜ್ಜಿ, ಬೆಕ್ಕನ್ನು ಯಾರಾದರೂ ಕೂಡಿಹಾಕ್ತಾರಾ, ಅದು ಓಡಾಡಿಕೊಂಡಿರೋ ಪ್ರಾಣಿ ಎನ್ನುತ್ತಾರೆ. ಎರಡೂ ಅಕ್ಕರೆಯಿಂದ ಬಂದ ಮಾತೇ. ಈ ತಕರಾರಿನಲ್ಲಿ ನನ್ನ ಮತ ದತ್ತು ಕೊಡುವವರ ಕಡೆಗೆ. ಆದರೆ ಅವರು ಅವಸರದಲ್ಲಿ ಬಿಟ್ಟುಬಿಡುವ ಒಂದು ಷರತ್ತನ್ನು ಸೇರಿಸಿಯೇ ಆ ಮತ. ಹಿತ್ತಲು, ಮಾಡು, ಬೀದಿ ಇಷ್ಟು ಕಾಲ ಬೆಕ್ಕಿಗೆ ಪುಕ್ಕಟೆಯಾಗಿ ಕೊಡುತ್ತಿದ್ದ ಮಾಂಸ, ಬೇಟೆ, ಎತ್ತರ, ಮಣ್ಣು ಎಲ್ಲವನ್ನೂ ಬಾಗಿಲು ಹಾಕಿದ ದಿನದಿಂದ ಮನೆಯವರೇ ಒದಗಿಸಬೇಕು. ಅದಾಗದೆ ಬರೀ ಬಾಗಿಲು ಹಾಕಿದರೆ ಅಜ್ಜಿಯ ಮಾತೇ ನಿಜವಾಗುತ್ತದೆ.

ಅಜ್ಜಿಯ ಹಿಂದೆ ದೊಡ್ಡ ಚರಿತ್ರೆಯೇ ಇದೆ. ಬೆಕ್ಕನ್ನು ಮನುಷ್ಯ ಕಟ್ಟಿಹಾಕಿ ಪಳಗಿಸಲಿಲ್ಲ. ಪಶ್ಚಿಮ ಏಷ್ಯಾದಲ್ಲಿ ಬೇಸಾಯ ಶುರುವಾಗಿ ಧಾನ್ಯ ಕೂಡಿಡುವ ಪದ್ಧತಿ ಬಂದಾಗ ಇಲಿಗಳು ಬಂದವು, ಇಲಿಗಳನ್ನು ಹುಡುಕಿಕೊಂಡು ಕಾಡುಬೆಕ್ಕು ತಾನಾಗಿಯೇ ಊರೊಳಗೆ ಬಂತು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಹೂತಿಟ್ಟ ಬೆಕ್ಕೊಂದರ ಅಸ್ಥಿಪಂಜರ ಸಿಕ್ಕಿದೆ, ಅದಕ್ಕೆ ಸುಮಾರು 9,500 ವರ್ಷ. ನಮ್ಮಲ್ಲೂ ಕಣಜವಿದ್ದ ಮನೆಯಲ್ಲಿ ಬೆಕ್ಕಿತ್ತು. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಶುರುವಾಗುವುದೂ ಇಲಿಗಳ ಕಾಟದಿಂದಲೇ. ಆ ಏರ್ಪಾಡಿನಲ್ಲಿ ಬೆಕ್ಕು ಸಾಕುಪ್ರಾಣಿ ಅನ್ನುವುದಕ್ಕಿಂತ ಹೆಚ್ಚಾಗಿ ಬಂದುಹೋಗುವ ಕೆಲಸಗಾರ. ಮನೆಯೊಳಗೇ ಹುಟ್ಟುಸಾವು ಕಾಣುವ ಬೆಕ್ಕು ಬಹುಮಟ್ಟಿಗೆ ಇಪ್ಪತ್ತನೇ ಶತಮಾನದ್ದು. ಅಮೆರಿಕದ ಮಿಷಿಗನ್‌ನಲ್ಲಿ ಎಡ್ವರ್ಡ್ ಲೋ ಎಂಬಾತ 1947ರಲ್ಲಿ ನೀರು ಹೀರುವ ಜೇಡಿಮಣ್ಣನ್ನು ಬೆಕ್ಕಿನ ಕಕ್ಕಸಿಗೆಂದು ಚೀಲ ಕಟ್ಟಿ ಮಾರತೊಡಗಿದ. ಅದೇ ಇವತ್ತಿನ ಲಿಟರ್. ಅದರ ಜೊತೆಗೆ ಫ್ರಿಜ್ಜು, ಸಿದ್ಧ ಆಹಾರ, ಸಂತಾನಶಕ್ತಿಹರಣ ಚಿಕಿತ್ಸೆ ಸೇರಿದ ಮೇಲಷ್ಟೇ ಬೆಕ್ಕನ್ನು ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಸಾಕುವುದು ಸಾಧ್ಯವಾಯಿತು. ಹಾಗಾಗಿ ಬೆಕ್ಕು ಯಾವಾಗಲೂ ಹೊರಗೇ ಇತ್ತು ಎಂಬುದು ನಿಜ. ಒಳಗಿಡುವ ಉಪಾಯ ಆಗ ಇರಲಿಲ್ಲ ಎಂಬುದೂ ಅಷ್ಟೇ ನಿಜ.

ಇನ್ನು ಬೀದಿಯ ವಿಷಯ. ಕಲ್ಯಾಣ ನಗರ ಎಂದರೆ ಹೆಣ್ಣೂರು ರಸ್ತೆ, ಬಾಣಸವಾಡಿ ರಸ್ತೆಗಳ ನಡುವೆ ಎದ್ದ ಎಚ್‌ಆರ್‌ಬಿಆರ್ ಬಡಾವಣೆ, ಅದನ್ನು ಹಾದುಹೋಗುವ ಹೊರವರ್ತುಲ ರಸ್ತೆ, ಅತ್ತ ಕಮ್ಮನಹಳ್ಳಿ, ಇತ್ತ ಬಾಬುಸಾಪಾಳ್ಯ. ಮೂವತ್ತು ನಲವತ್ತರ ನಿವೇಶನದಲ್ಲಿ ಮೂರು ನಾಲ್ಕು ಅಂತಸ್ತು, ನೆಲಮಟ್ಟದಲ್ಲಿ ಕಾರು ನಿಲ್ಲಿಸುವ ಜಾಗ, ಕಾರಿನಡಿಯಲ್ಲಿ ಮಲಗಿದ ನಾಯಿಗಳು. ಹೋಟೆಲುಗಳು ಜಾಸ್ತಿ, ಆದ್ದರಿಂದ ಕಸವೂ ಜಾಸ್ತಿ, ಕಸವಿದ್ದಲ್ಲಿ ನಾಯಿ. ಬಿಬಿಎಂಪಿ 2023ರಲ್ಲಿ ನಡೆಸಿದ ಗಣತಿಯಲ್ಲಿ ನಗರದ ಬೀದಿನಾಯಿಗಳ ಅಂದಾಜು ಸುಮಾರು 2.79 ಲಕ್ಷ. ನಾಯಿಗಳ ಮೇಲೆ ನನಗೆ ದೂರಿಲ್ಲ. ಆದರೆ ರಾತ್ರಿ ಹೊತ್ತು ಗುಂಪಾಗಿರುವ ನಾಯಿಗಳ ಎದುರು ನಾಲ್ಕು ತಿಂಗಳ ಬೆಕ್ಕಿಗೆ ಏರಲು ಮರ ಬೇಕು, ಹಾರಲು ತಗ್ಗಿನ ಗೋಡೆ ಬೇಕು. ಹೊಸ ಮನೆಗಳ ಕಾಂಪೌಂಡಿಗೆ ನುಣುಪು ಗ್ರಾನೈಟು, ಅದರ ಮೇಲೆ ಗಾಜಿನ ಚೂರು ಅಥವಾ ಮುಳ್ಳುತಂತಿ. ಡಿಸೆಂಬರಿನ ಚಳಿಯಲ್ಲಿ ಬೆಚ್ಚಗಿರುತ್ತದೆಂದು ಮರಿಗಳು ಕಾರಿನ ಎಂಜಿನ್ ಒಳಗೆ ಹೊಕ್ಕು ಮಲಗುವುದೂ ಇದೆ. ಬೆಳಿಗ್ಗೆ ಬಾನೆಟ್ ಮೇಲೆ ಎರಡು ಸಲ ತಟ್ಟಿ ಗಾಡಿ ತೆಗೆಯುವ ಅಭ್ಯಾಸವನ್ನು ಬೆಕ್ಕು ಸಾಕದವರೂ ಮಾಡಿಕೊಳ್ಳಬಹುದು.

ಬೆಕ್ಕನ್ನು ಒಳಗಿಡಬೇಕೆಂಬವರು ಸಾಮಾನ್ಯವಾಗಿ ಒಂದು ಲೆಕ್ಕ ಮುಂದಿಡುತ್ತಾರೆ: ಹೊರಗಿನ ಬೆಕ್ಕು ನಾಲ್ಕೈದು ವರ್ಷ ಬದುಕುತ್ತದೆ, ಒಳಗಿನದು ಹದಿನೈದು. ಈ ಅಂಕಿಯನ್ನು ನಾನು ಬಳಸುವುದಿಲ್ಲ. ಇಂಗ್ಲೆಂಡಿನಲ್ಲಿ ಬೆಕ್ಕುಗಳು ಮನೆಯಿಂದ ಹೊರಗೆ ಹೋಗಿಬರುವುದು ತೀರ ಮಾಮೂಲು. ಆದರೂ ಅಲ್ಲಿನ ಪಶುವೈದ್ಯರ ದಾಖಲೆಗಳನ್ನು ಜಾಲಾಡಿ 2015ರಲ್ಲಿ ಪ್ರಕಟವಾದ ಅಧ್ಯಯನ ಬೆಕ್ಕಿನ ಆಯಸ್ಸಿನ ಮಧ್ಯಮಾಂಕ 14 ವರ್ಷ ಎಂದಿತು. ಅದೇ ಅಧ್ಯಯನದ ಇನ್ನೊಂದು ಸಾಲು ನಮಗೆ ಹೆಚ್ಚು ಉಪಯೋಗದ್ದು. ಐದು ವರ್ಷದೊಳಗೆ ಸತ್ತ ಬೆಕ್ಕುಗಳಲ್ಲಿ ಸುಮಾರು ಅರ್ಧದಷ್ಟರ ಸಾವಿಗೆ ಅಪಘಾತದಂಥ ಪೆಟ್ಟೇ ಕಾರಣವಾಗಿತ್ತು. ಬೀದಿನಾಯಿಗಳ ಕಾಟವಿಲ್ಲದ, 1922ರಲ್ಲೇ ರೇಬೀಸನ್ನು ಓಡಿಸಿದ ದೇಶದ ಮಾತಿದು. ಬ್ರಿಟಿಷರು ಬೆಕ್ಕನ್ನು ಹೊರಗೆ ಬಿಡುತ್ತಾರಲ್ಲ ಎಂದು ಕೇಳುವವರು ಈ ಎರಡು ವ್ಯತ್ಯಾಸಗಳನ್ನು ಮರೆಯಬಾರದು. ನಮ್ಮಲ್ಲಿ ರೇಬೀಸ್ ಇನ್ನೂ ಇದೆ, ಅದು ನಾಯಿ ಕಚ್ಚಿದ ಬೆಕ್ಕಿನ ಮೂಲಕವೂ ಮನೆಯೊಳಗೆ ಬರಬಲ್ಲದು. ಆಸ್ಟ್ರೇಲಿಯಾದ ರಾಜಧಾನಿ ಪ್ರಾಂತ್ಯದಲ್ಲಾದರೆ 2022ರ ಜುಲೈ 1ರಿಂದೀಚೆ ಹುಟ್ಟಿದ ಬೆಕ್ಕುಗಳನ್ನು ಮನೆಯ ಎಲ್ಲೆಯೊಳಗೇ ಇಡಬೇಕೆಂಬುದು ಕಾನೂನು. ಅಲ್ಲಿನ ಚಿಂತೆ ಸ್ಥಳೀಯ ವನ್ಯಜೀವಿಗಳದು. ಅಂದರೆ ಬೆಕ್ಕನ್ನು ಒಳಗಿಡಬೇಕೇ ಎಂಬುದಕ್ಕೆ ಉತ್ತರ ಬೆಕ್ಕಿನ ಸ್ವಭಾವದಲ್ಲಷ್ಟೇ ಸಿಗುವುದಿಲ್ಲ, ಊರನ್ನು ನೋಡಿ ಹೇಳಬೇಕಾಗುತ್ತದೆ. ಮಲೆನಾಡಿನ ಒಂಟಿಮನೆಗೆ ಸರಿಯಾದದ್ದು ಹೊರವರ್ತುಲ ರಸ್ತೆಯ ಪಕ್ಕದ ಮನೆಗೆ ಸರಿಯಾಗಬೇಕಿಲ್ಲ.

ಒಳಗಿಟ್ಟ ಮಾತ್ರಕ್ಕೆ ಅಪಾಯ ತಪ್ಪುವುದೂ ಇಲ್ಲ, ಏಕೆಂದರೆ ನಮ್ಮ ಮನೆಗಳಿಗೆ ಬಾಲ್ಕನಿಗಳಿವೆ. ಬೆಕ್ಕು ಎಲ್ಲಿಂದ ಬಿದ್ದರೂ ಕಾಲಮೇಲೆ ನಿಲ್ಲುತ್ತದೆ ಎಂಬ ನಂಬಿಕೆಗೆ ಅರ್ಧ ಆಧಾರವಿದೆ. ನ್ಯೂಯಾರ್ಕಿನ ಒಂದು ಪ್ರಾಣಿ ಆಸ್ಪತ್ರೆಗೆ 1984ರಲ್ಲಿ ಐದು ತಿಂಗಳ ಅವಧಿಯಲ್ಲಿ, ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳು ಬಂದವು. ಚಿಕಿತ್ಸೆ ಪಡೆದವುಗಳಲ್ಲಿ ನೂರಕ್ಕೆ ತೊಂಬತ್ತು ಉಳಿದವು. ಏಳನೇ ಅಂತಸ್ತಿನವರೆಗೆ ಎತ್ತರ ಹೆಚ್ಚಿದಂತೆ ಗಾಯ ಹೆಚ್ಚಿತ್ತು, ಅದಕ್ಕೂ ಮೇಲಿನಿಂದ ಬಿದ್ದವಕ್ಕೆ ಕಡಿಮೆಯಿತ್ತು ಎಂಬ ಅಂಶ ಜಗತ್ಪ್ರಸಿದ್ಧವಾಯಿತು. ಬಿದ್ದ ಜಾಗದಲ್ಲೇ ಸತ್ತ ಬೆಕ್ಕನ್ನು ಯಾರೂ ಆಸ್ಪತ್ರೆಗೆ ಹೊತ್ತೊಯ್ಯುವುದಿಲ್ಲ ಎಂಬ ಸರಳ ಸಂಗತಿ ಆ ಲೆಕ್ಕದಲ್ಲಿಲ್ಲ. ಕಲ್ಯಾಣ ನಗರದ ಮಟ್ಟಿಗೆ ಮುಖ್ಯವಾದ ವಿಷಯ ಬೇರೆ. ಇಲ್ಲಿನ ಮನೆಗಳು ಮೂರು ನಾಲ್ಕು ಅಂತಸ್ತಿನವು, ಅಂದರೆ ಎತ್ತರದ ಜೊತೆ ಗಾಯವೂ ಏರುತ್ತ ಹೋಗುವ ವ್ಯಾಪ್ತಿಯಲ್ಲೇ ಇವೆ. ಕ್ರೊಯೇಶಿಯಾದ ಜಾಗ್ರೆಬ್ ನಗರದಲ್ಲಿ ನಾಲ್ಕು ವರ್ಷ ನಡೆದ ಇಂಥದೇ ಅಧ್ಯಯನದಲ್ಲಿ ಬೀಳುವಿಕೆಯ ಸರಾಸರಿ ಎತ್ತರ ನಾಲ್ಕು ಅಂತಸ್ತು, ಬಿದ್ದ 119 ಬೆಕ್ಕುಗಳಲ್ಲಿ ಸುಮಾರು ನೂರಕ್ಕೆ ಅರವತ್ತು ಒಂದು ವರ್ಷ ತುಂಬದವು. ಪಾರಿವಾಳದ ರೆಕ್ಕೆ ಕಂಡೊಡನೆ ಕಟಕಟೆಯ ಮೇಲಿಂದ ನೆಗೆಯುವುದು ಮರಿಗಳೇ. ನಮ್ಮಲ್ಲಿ ಪಾರಿವಾಳದ ಬಲೆ ಹೇಗೂ ಎಲ್ಲ ಬಾಲ್ಕನಿಗಳಿಗೂ ಬರುತ್ತಿದೆ. ಅದೇ ಬಲೆಯನ್ನು ಬಿಗಿಯಾಗಿ ಕಟ್ಟಿಸಿ, ಕೆಳ ಅಂಚನ್ನೂ ಮೂಲೆಗಳನ್ನೂ ಆಗಾಗ ನೋಡುತ್ತಿದ್ದರೆ ಸಾಕು. ಈಗ ಫ್ಯಾಷನ್ನಾಗಿರುವ, ಕಣ್ಣಿಗೆ ಕಾಣದಂತೆ ತಂತಿ ಎಳೆದ ಗ್ರಿಲ್ ದೊಡ್ಡ ಬೆಕ್ಕನ್ನು ತಡೆದೀತು, ಎರಡು ತಿಂಗಳ ಮರಿ ಅದರ ಸಂದಿಯಲ್ಲಿ ಸಲೀಸಾಗಿ ನುಸುಳುತ್ತದೆ.

ಇನ್ನು ಊಟ. ಬಾಗಿಲು ಹಾಕಿದ ಮನೆಗಳಲ್ಲಿ ಅತಿ ಹೆಚ್ಚು ತಪ್ಪುಗಳಾಗುವುದು ಇಲ್ಲೇ, ಅದೂ ಪ್ರೀತಿಯಿಂದಲೇ. ಹಳ್ಳಿಮನೆಯ ಬೆಕ್ಕು ಹಾಲನ್ನ, ಮೊಸರನ್ನ ತಿಂದು ದುಂಡಗಿತ್ತು ಎಂಬ ನೆನಪು ಸುಳ್ಳಲ್ಲ. ಆ ಬೆಕ್ಕು ಮೊಸರನ್ನದ ಮೇಲೆ ಬದುಕಿರಲಿಲ್ಲ, ಅಷ್ಟೆ. ಬಟ್ಟಲು ನೆಕ್ಕಿ ಹಿತ್ತಲಿಗೆ ಹೋಗಿ ಇಲಿ, ಓತಿಕ್ಯಾತ, ಮಿಡತೆ ಹಿಡಿದು ಉಳಿದದ್ದನ್ನು ತಾನೇ ಪೂರೈಸಿಕೊಳ್ಳುತ್ತಿತ್ತು. ಬೆಕ್ಕಿನ ದೇಹ ಟಾರಿನ್ ಎಂಬ ಪೋಷಕಾಂಶವನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು, ಅದು ಮಾಂಸದಿಂದಲೇ ಬರಬೇಕು. ಹಾಲಿನ ಪ್ರೋಟೀನಾದ ಕೇಸೀನನ್ನೇ ಮುಖ್ಯ ಆಹಾರವಾಗಿ ಕೊಟ್ಟ ಬೆಕ್ಕುಗಳ ಕಣ್ಣಿನ ಅಕ್ಷಿಪಟ ಹಾಳಾಗುವುದನ್ನು ವಿಜ್ಞಾನಿಗಳು 1975ರಲ್ಲಿ ತೋರಿಸಿದರು. ಟಾರಿನ್ ಕೊರತೆಯಾದರೆ ಹೃದಯದ ಸ್ನಾಯು ಸಡಿಲಗೊಂಡು ಬೆಕ್ಕು ಸಾಯುತ್ತದೆ ಎಂಬುದು 1987ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದಲ್ಲಿ ಖಚಿತವಾಯಿತು, ಸಿದ್ಧ ಆಹಾರ ತಯಾರಕರು ಟಾರಿನ್ ಪ್ರಮಾಣ ಹೆಚ್ಚಿಸಿದ್ದು ಆಮೇಲೆ. ಕ್ಯಾರೆಟ್ಟಿನ ಬಣ್ಣದ ಅಂಶದಿಂದ ಎ ಜೀವಸತ್ವ ಮಾಡಿಕೊಳ್ಳುವ ಶಕ್ತಿಯೂ ಬೆಕ್ಕಿಗಿಲ್ಲ. ಹೀಗಾಗಿ ಬಾಗಿಲು ಹಾಕಿ ಮೊಸರನ್ನ ಹಾಕುವುದು ನಿಧಾನವಾಗಿ ಹಸಿವಿಗೆ ಈಡುಮಾಡುವುದೇ. ಬೆಕ್ಕು ಹೊರಗಿದ್ದಾಗ ಈ ತಪ್ಪನ್ನು ಇಲಿಗಳು ಮುಚ್ಚಿಹಾಕುತ್ತಿದ್ದವು.

ಸಸ್ಯಾಹಾರಿ ಮನೆಯವರು ಬೆಕ್ಕು ಸಾಕಲೇಬಾರದೇ ಹಾಗಾದರೆ? ಸಾಕಬಹುದು, ಬೆಕ್ಕನ್ನು ಸಸ್ಯಾಹಾರಿ ಮಾಡಬಾರದು. ಲಾಕ್‌ಡೌನ್ ಶುರುವಾದ ಹೊಸದರಲ್ಲಿ, 2020ರ ಏಪ್ರಿಲ್‌ನಲ್ಲಿ, ಕೊಚ್ಚಿಯ ಒಬ್ಬರು ಬೆಕ್ಕಿನ ಬಿಸ್ಕತ್ತು ತರಲು ಪಾಸ್ ಸಿಗಲಿಲ್ಲವೆಂದು ಕೇರಳ ಹೈಕೋರ್ಟಿನ ಮೆಟ್ಟಿಲೇರಿದರು. ತಾನು ಶುದ್ಧ ಸಸ್ಯಾಹಾರಿ, ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ, ಮೂರು ಬೆಕ್ಕುಗಳಿಗೆ ಆ ಬಿಸ್ಕತ್ತೇ ಗತಿ ಎಂಬುದು ಅವರ ಅಹವಾಲು. ನ್ಯಾಯಾಲಯ ಅವರಿಗೆ ಹೋಗಿಬರಲು ಅವಕಾಶ ಕೊಟ್ಟಿತು. ಸುದ್ದಿ ಓದಿ ನಕ್ಕವರು ಬಹಳ, ಆದರೆ ಆ ಮನುಷ್ಯ ವಿಷಯವನ್ನು ಸರಿಯಾಗಿ ಅರ್ಥಮಾಡಿಕೊಂಡಿದ್ದರು. ಚೀಲದಲ್ಲಿ ಬರುವ, ಸಂಪೂರ್ಣ ಆಹಾರವೆಂದು ನಮೂದಿಸಿದ ಬೆಕ್ಕಿನ ತಿನಿಸು ತಂದಿಟ್ಟರೆ ಅಡುಗೆಮನೆಯ ಮಡಿಗೆ ಭಂಗ ಬರುವುದಿಲ್ಲ. ಮರಿಗೆ ಮರಿಯ ಆಹಾರವನ್ನೇ ತರಬೇಕು, ನಾಯಿಯ ತಿನಿಸು ಬೆಕ್ಕಿಗಾಗದು. ಮಾಂಸಾಹಾರಿಗಳ ಮನೆಯಲ್ಲೂ ಬರೀ ಬೇಯಿಸಿದ ಕೋಳಿ ಸಾಲದು, ಅದರಲ್ಲಿ ಕ್ಯಾಲ್ಸಿಯಂ ಕಡಿಮೆ. ಈರುಳ್ಳಿ ಬೆಳ್ಳುಳ್ಳಿ ಬಿದ್ದ ಸಾರು ಬೆಕ್ಕಿನ ರಕ್ತಕಣಗಳಿಗೆ ವಿಷ. ಮರಿಗೆ ಜ್ವರವೆಂದು ಡೋಲೊ ಚೂರು ಕೊಡುವವರಿದ್ದಾರೆ. ಪ್ಯಾರಾಸಿಟಮಾಲನ್ನು ಅರಗಿಸುವ ವ್ಯವಸ್ಥೆ ಬೆಕ್ಕಿನ ಯಕೃತ್ತಿನಲ್ಲಿ ಇಲ್ಲದಷ್ಟು ಕಡಿಮೆ. ಒಂದೇ ಮಾತ್ರೆ ದೊಡ್ಡ ಬೆಕ್ಕನ್ನೂ ಕೊಲ್ಲಬಲ್ಲದು.

ಕೂಡಿಹಾಕಿದರೆ ಬೆಕ್ಕು ಕೊರಗುತ್ತದೆ ಎಂಬ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ಒಳಗೇ ಇರುವ ಬೆಕ್ಕುಗಳಲ್ಲಿ ಬೊಜ್ಜು ಹೆಚ್ಚು, ಮೂತ್ರಕೋಶದ ಉರಿಯೂತ ಹೆಚ್ಚು, ಸೋಫಾ ಪರಚುವುದು, ಕಾಲು ಕಚ್ಚುವುದು ಹೆಚ್ಚು. ಇದನ್ನು ಅಲ್ಲಗಳೆಯಬಾರದು. ಆದರೆ ಕೊರಗಿಗೆ ಕಾರಣ ಗೋಡೆಯೋ, ಗೋಡೆಯೊಳಗೆ ಮಾಡಲು ಕೆಲಸವಿಲ್ಲದಿರುವುದೋ? ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಟೋನಿ ಬಫಿಂಗ್ಟನ್ ತಂಡ ಇಂಥ ಮೂತ್ರಕೋಶದ ತೊಂದರೆಯಿದ್ದ ಮನೆಬೆಕ್ಕುಗಳ ಪರಿಸರವನ್ನಷ್ಟೇ ಬದಲಾಯಿಸಿತು. ಏರಲು ಜಾಗ, ಅಡಗಲು ಜಾಗ, ಚೊಕ್ಕಟ ಲಿಟರ್, ಆಟ. ಬೆಕ್ಕುಗಳನ್ನು ಹೊರಗೆ ಬಿಡದೆಯೇ ಕಾಯಿಲೆಯ ಲಕ್ಷಣಗಳು ಗಣನೀಯವಾಗಿ ಇಳಿದವು, ಅಂಜಿಕೆಯೂ ಇಳಿಯಿತು. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಸ್ವಾರಸ್ಯದ್ದು. ಹೊರಗೆ ಬೇಟೆಯಾಡುವ ಬೆಕ್ಕುಗಳಿಗೆ ಮಾಂಸ ಹೆಚ್ಚಿರುವ ಒಳ್ಳೆಯ ಆಹಾರ ಕೊಟ್ಟಾಗ ಅವು ಮನೆಗೆ ಹೊತ್ತುತರುವ ಬೇಟೆ ನೂರಕ್ಕೆ 36ರಷ್ಟು ತಗ್ಗಿತು. ದಿನಕ್ಕೆ ಐದು ಹತ್ತು ನಿಮಿಷ ಬೇಟೆಯಂತೆ ಆಟವಾಡಿಸಿದಾಗ ನೂರಕ್ಕೆ 25ರಷ್ಟು. ಬೇಟೆಯ ಹಂಬಲದ ಒಂದು ಭಾಗವನ್ನಾದರೂ ಬಟ್ಟಲಿನಿಂದ, ಕೋಲಿಗೆ ಕಟ್ಟಿದ ಗರಿಯಿಂದ ತೀರಿಸಬಹುದೆಂದಾಯಿತು. ಅಂದಹಾಗೆ ಕೊರಳಿಗೆ ಗಂಟೆ ಕಟ್ಟಿದ್ದರಿಂದ ಆ ಪ್ರಯೋಗದಲ್ಲಿ ಏನೂ ಫಲ ಕಾಣಲಿಲ್ಲ. ಗಾದೆಯ ಇಲಿಗಳು ಗಂಟೆ ಕಟ್ಟುವವರನ್ನು ಹುಡುಕಿ ವೃಥಾ ತಲೆ ಕೆಡಿಸಿಕೊಂಡವು. ನಮ್ಮ ಮನೆಗಳಲ್ಲಿ ಇದಕ್ಕೆ ದೊಡ್ಡ ಖರ್ಚೂ ಇಲ್ಲ. ಸಜ್ಜಾದ ಮೇಲೆ ಒಂದು ಮೂಲೆ ಖಾಲಿಮಾಡಿ ಹತ್ತಲು ಹಲಗೆ ಹೊಡೆದರೆ ಎತ್ತರ ಸಿಕ್ಕಿತು. ಗೋಣಿಚೀಲ ಅಥವಾ ತೆಂಗಿನ ಹಗ್ಗ ಸುತ್ತಿದ ಮರದ ತುಂಡು ಉಗುರಿಗೆ. ಲಿಟರ್ ಡಬ್ಬಿ ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಿರಲಿ, ಊಟದ ತಟ್ಟೆಯಿಂದ ದೂರವಿರಲಿ. ಖರ್ಚಾಗುವುದು ಸಮಯ. ಬೆಳಿಗ್ಗೆ ಎಂಟಕ್ಕೆ ಹೊರಟು ರಾತ್ರಿ ಒಂಬತ್ತಕ್ಕೆ ಬರುವವರು ಒಂಟಿ ಮರಿ ತರುವುದಕ್ಕಿಂತ ಒಡಹುಟ್ಟಿದ ಎರಡು ಮರಿ ತರುವುದು ಒಳ್ಳೆಯದು.

ಮಧ್ಯದ ದಾರಿ ಹುಡುಕುವವರೂ ಇದ್ದಾರೆ. ಸಂಜೆ ಒಂದು ಗಂಟೆ ಟೆರೇಸಿಗೆ ಬಿಟ್ಟರಾಯಿತಲ್ಲ ಎನ್ನುತ್ತಾರೆ. ಈ ಬಡಾವಣೆಯಲ್ಲಿ ಒಂದು ಟೆರೇಸಿನಿಂದ ಪಕ್ಕದ ಟೆರೇಸಿಗೆ ಒಂದೇ ನೆಗೆತ, ಆಮೇಲೆ ಅದು ಬೀದಿಬೆಕ್ಕೇ. ಅಲ್ಲದೆ ಹೊರಗಿನ ರುಚಿ ಕಂಡ ಬೆಕ್ಕನ್ನು ಮತ್ತೆ ಒಳಗಿಡುವುದು ಕಷ್ಟ, ಹೊರಗು ಅರಿಯದ ಮರಿಗೆ ಮನೆಯೇ ಸೀಮೆ. ಒಳಗೇ ಸಾಕುವುದಿದ್ದರೆ ಮರಿಯಿಂದಲೇ ಶುರುಮಾಡಿ ಎನ್ನುವುದು ಇದಕ್ಕೇ. ಇಲಿ ಹಿಡಿಯಲು ಬೆಕ್ಕು ಬೇಕೆಂಬವರಿಗೆ ಬ್ರೂಕ್ಲಿನ್‌ನ ಒಂದು ಅಧ್ಯಯನ ನಿರಾಸೆ ತಂದೀತು. ಕಸ ಸಂಸ್ಕರಣೆ ಕೇಂದ್ರವೊಂದರಲ್ಲಿ 79 ದಿನ ಕ್ಯಾಮೆರಾ ಇಟ್ಟು ನೋಡಿದರೆ ಬೀದಿಬೆಕ್ಕುಗಳು ಕೊಂದದ್ದು ಎರಡೇ ಹೆಗ್ಗಣ. ನಮ್ಮ ಚರಂಡಿಯ ಹೆಗ್ಗಣಗಳ ಗಾತ್ರ ನೋಡಿದವರಿಗೆ ಇದು ಆಶ್ಚರ್ಯವಲ್ಲ. ಬೆಕ್ಕುಗಳಿಗೆ ಸುಲಭವಾಗಿ ಸಿಗುವುದು ಬಾಲ್ಕನಿಯ ಬಳ್ಳಿಯಲ್ಲಿ ಗೂಡು ಕಟ್ಟುವ ಸೂರಕ್ಕಿ, ಟುವ್ವಿಹಕ್ಕಿ, ಅಳಿಲುಮರಿ. ಗರ್ಭಿಣಿಯಿರುವ ಮನೆಯಲ್ಲಿ ಬೆಕ್ಕು ಬೇಡವೆಂಬ ಭಯಕ್ಕೆ ಉತ್ತರ ಚಿಕ್ಕದು. ಆ ಭಯದ ಮೂಲವಾದ ಟಾಕ್ಸೊಪ್ಲಾಸ್ಮಾ ಎಂಬ ರೋಗಾಣು ಬೆಕ್ಕಿಗೆ ಬರುವುದು ಇಲಿ, ಹಸಿಮಾಂಸ ತಿಂದು. ಒಳಗೇ ಇದ್ದು ಸಿದ್ಧ ಆಹಾರ ತಿನ್ನುವ ಬೆಕ್ಕಿಗೆ ಅದು ಬರುವ ದಾರಿ ತೀರ ಕಡಿಮೆ, ಮನೆಯ ಬೇರೆಯವರು ಲಿಟರನ್ನು ದಿನಾ ತೆಗೆದರೆ ಇನ್ನೂ ಕಡಿಮೆ. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪಿನ ಬಗ್ಗೆ ಹೆಚ್ಚು ಹುಷಾರಾಗಿರಬೇಕು.

ಹೊರಗೇ ಹೋಗದ ಬೆಕ್ಕಿಗೆ ಲಸಿಕೆ ಯಾಕೆ, ಆಪರೇಷನ್ ಯಾಕೆ ಎಂಬುದು ಇನ್ನೊಂದು ಪ್ರಶ್ನೆ. 2025ರ ಆರಂಭದಲ್ಲಿ ರಾಯಚೂರಿನಲ್ಲಿ ಬೆಕ್ಕುಗಳನ್ನು ಬಲಿ ತೆಗೆದುಕೊಂಡ ಎಫ್‌ಪಿವಿ ವೈರಾಣು ಬೆಕ್ಕಿನ ಜೊತೆಯಲ್ಲೇ ಬರಬೇಕಿಲ್ಲ. ಅದು ಪರಿಸರದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ನಮ್ಮ ಚಪ್ಪಲಿಗೆ ಅಂಟಿಕೊಂಡೂ ಬರುತ್ತದೆ. ಆರೆಂಟು ವಾರಕ್ಕೆ ಮೊದಲ ಚುಚ್ಚುಮದ್ದು, ಮೂರು ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರ ತುಂಬುವವರೆಗೆ ಮತ್ತೆ, ಮೂರು ತಿಂಗಳಿಗೆ ರೇಬೀಸಿನದು. ಹೆಣ್ಣುಮರಿ ನಾಲ್ಕು ತಿಂಗಳಿಗೇ ಬೆದೆಗೆ ಬರಬಹುದು, ಜೋಡಿ ಸಿಗದಿದ್ದರೆ ಎರಡು ಮೂರು ವಾರಕ್ಕೊಮ್ಮೆ ರಾತ್ರಿಯಿಡೀ ಕೂಗುತ್ತದೆ, ಬಾಗಿಲು ಸಂದಿಯಾದರೆ ಓಡುತ್ತದೆ. ಐದಾರು ತಿಂಗಳೊಳಗೆ ಚಿಕಿತ್ಸೆ ಮಾಡಿಸದೆ ಒಳಗಿಡುವುದೇ ನಿಜವಾದ ಹಿಂಸೆ. ಹೊರವರ್ತುಲ ರಸ್ತೆಯಲ್ಲಿ ನೇರ ಹೋದರೆ ಹೆಬ್ಬಾಳದಲ್ಲಿ 1958ರಿಂದ ಇರುವ ಪಶುವೈದ್ಯಕೀಯ ಕಾಲೇಜಿದೆ, ಅದರದೇ ಆಸ್ಪತ್ರೆಯೂ ಇದೆ. ದೂರದ ಮಾತಲ್ಲ.

ಮರಿ ಎಲ್ಲಿಂದ ತರಬೇಕು? ಕಾರಿನಡಿಯಲ್ಲಿ ಒಂಟಿ ಮರಿ ಕಂಡೊಡನೆ ಎತ್ತಿಕೊಳ್ಳುವ ಮುನ್ನ ಸ್ವಲ್ಪ ತಡೆಯಬೇಕು. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎಂದು ಹಿರಿಯರು ಹೇಳುವುದು ಸುಮ್ಮನಲ್ಲ. ತಾಯಿ ಒಂದನ್ನು ಇಟ್ಟು ಇನ್ನೊಂದನ್ನು ತರಲು ಹೋಗಿರಬಹುದು. ಅಪಾಯವಿಲ್ಲದ ಜಾಗವಾದರೆ ಕೆಲವು ಗಂಟೆ ದೂರದಿಂದ ನೋಡಿ, ತಾಯಿ ಬಾರದಿದ್ದರಷ್ಟೇ ಕೈಹಾಕಬೇಕು. ಎಂಟು ವಾರದವರೆಗೆ ಮರಿ ತಾಯಿಯ ಬಳಿ ಇರುವುದು ಉತ್ತಮ. ಅದೇ ಹೊತ್ತಿಗೆ, ಎರಡರಿಂದ ಏಳನೇ ವಾರದ ನಡುವೆ ಮನುಷ್ಯರ ಕೈಯಲ್ಲಿ ಆಡಿದ ಮರಿಗಳು ಜೀವನಪೂರ್ತಿ ಜನರಿಗೆ ಹೆದರದೆ ಬೆಳೆಯುತ್ತವೆ ಎಂದು ಫಿಲಡೆಲ್ಫಿಯಾದ ಐಲೀನ್ ಕಾರ್ಶ್ ತೋರಿಸಿಕೊಟ್ಟಿದ್ದಾರೆ. ಆದ್ದರಿಂದ ಯಾರದಾದರೂ ಮನೆಯಲ್ಲಿ ತಾಯಿಯೊಂದಿಗೆ ಬೆಳೆದ ದತ್ತುಮರಿ, ಅಂಗಡಿಯ ಪಂಜರದಲ್ಲಿರುವ ಪರ್ಷಿಯನ್ ಮರಿಗಿಂತ ಮನೆವಾಸಕ್ಕೆ ಹೆಚ್ಚು ಸಿದ್ಧವಾಗಿರುತ್ತದೆ, ದುಡ್ಡೂ ಉಳಿಯುತ್ತದೆ.

ಇಷ್ಟೆಲ್ಲ ಆದಮೇಲೂ ಈ ಬಡಾವಣೆಗೇ ಅಂಟಿದ ಒಂದು ತೊಡಕಿದೆ. ಇಲ್ಲಿ ಬಾಡಿಗೆಗೆ ಇರುವವರು ಬಹಳ, ಅವರಲ್ಲಿ ಬಹುಪಾಲು ಕೆಲಸ ಬದಲಾದೊಡನೆ ಊರು ಬದಲಾಯಿಸುವವರು. ಬೆಕ್ಕಿನ ಆಯಸ್ಸು ಹದಿನಾಲ್ಕು ಹದಿನೈದು ವರ್ಷ, ಬಾಡಿಗೆ ಕರಾರು ಹನ್ನೊಂದು ತಿಂಗಳು. ಒಳಗೇ ಬೆಳೆದ ಬೆಕ್ಕನ್ನು ಮನೆ ಖಾಲಿಮಾಡುವಾಗ ಕೆಳಗೆ ಬಿಟ್ಟುಹೋದರೆ, ನಾಯಿ ಕಂಡರೆ ಓಡಬೇಕೆಂಬುದನ್ನೂ ಅರಿಯದ ಪ್ರಾಣಿಯನ್ನು ಬೀದಿಗೆ ತಳ್ಳಿದಂತೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಈಡಾಗುವಂತೆ ಬಿಟ್ಟುಹೋಗುವುದು ಅಪರಾಧವೂ ಹೌದು. ಆದ್ದರಿಂದ ಮೊದಲು ಮನೆಮಾಲೀಕರನ್ನು ಕೇಳಿ, ಊರು ಬಿಟ್ಟರೆ ಬೆಕ್ಕನ್ನು ಹೇಗೆ ಒಯ್ಯುವಿರೆಂದು ಯೋಚಿಸಿ, ಬಲೆ ಹಾಕಿಸಿ, ಪಶುವೈದ್ಯರು ಯಾರೆಂದು ಗೊತ್ತುಮಾಡಿಕೊಳ್ಳಿ. ಮರಿ ಬರುವುದು ಅದಾದಮೇಲೆ. ಈ ವರ್ಷ ಅದು ಸಾಧ್ಯವಿಲ್ಲವೆಂದಾದರೆ ನಿಮ್ಮ ಬೀದಿಯಲ್ಲೇ ಓಡಾಡುವ ಒಂದು ತಾಯಿಬೆಕ್ಕಿಗೆ ಸಂತಾನಶಕ್ತಿಹರಣ ಚಿಕಿತ್ಸೆ ಮಾಡಿಸಿ, ರೇಬೀಸ್ ಚುಚ್ಚುಮದ್ದು ಕೊಡಿಸಿ. ಮರಿ ಮುಂದಿನ ವರ್ಷ ತಂದರಾಯಿತು.